ತ್ಯಾಗಣ್ಣನ ಎರಡು ನಿಮಿಷ

ಡಚ್ಚರ ನಾಡಿನ ಆಮ್ಸ್ಟೆಲ್‌ವೀನ್‌ನ ಕನ್ನಡದವರಲ್ಲಿ ಸ್ವಂತ ಕಾರಿಲ್ಲದ ಮನೆಗಳು ಕಡಿಮೆ. ಆ ಕಡಿಮೆಯವರಲ್ಲಿ ತ್ಯಾಗರಾಜನೂ ಒಬ್ಬ. ಆದರೂ ಚಳಿಗಾಲ ಕಾಲಿಟ್ಟಿತೆಂದರೆ ಆ ಊರಿನ ನಮ್ಮವರ ಕಾರುಗಳೆಲ್ಲ ಒಂದಲ್ಲ ಒಂದು ಬೆಳಿಗ್ಗೆ ಅವನ ಕೈಯಿಂದಲೇ ಜೀವ ಪಡೆಯುತ್ತಿದ್ದವು. ಹೆಂಡತಿ ರಜನಿ ಇದನ್ನು ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುವ ಗಾದೆಯಲ್ಲಿ ಮುಗಿಸುತ್ತಿದ್ದಳು. ಅವಳು ಹಾಗೆ ಅಂದಾಗಲೆಲ್ಲ ತ್ಯಾಗರಾಜನಿಗೆ ಗಾದೆಯ ಮೊದಲರ್ಧ ಕೇಳಿಸುತ್ತಲೇ ಇರಲಿಲ್ಲ.

ನಮ್ಮವರ ಕಾರಿನ ಗತಿ ಅಲ್ಲಿ ಹಾಗೆಯೇ. ಆಫೀಸಿಗೆ ಟ್ರಾಮು, ಮಕ್ಕಳ ಶಾಲೆಗೆ ಸೈಕಲ್ಲು. ಕಾರು ಹೊರಬೀಳುವುದು ವಾರಕ್ಕೊಮ್ಮೆ ಇಂಡಿಯನ್ ಅಂಗಡಿಯಿಂದ ಸೋನಾ ಮಸೂರಿ ಮೂಟೆ ತರುವುದಕ್ಕೆ, ಇಲ್ಲವೇ ದ ಹೇಗ್‌ನಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ. ಅಷ್ಟು ಓಡಾಟಕ್ಕೆ ಬ್ಯಾಟರಿ ತುಂಬುವುದು ಎಲ್ಲಿಂದ ಬಂತು? ಸಾಲದ್ದಕ್ಕೆ ಡ್ಯಾಶ್‌ಬೋರ್ಡಿನ ಮೇಲೊಂದು ಗಣಪತಿ, ಗಣಪತಿಯ ಹಿಂದೆ ಬಣ್ಣ ಬದಲಿಸುವ ದೀಪ, ದೀಪದ ವೈರು ಸಿಗರೇಟ್ ಲೈಟರಿನ ತೂತಿಗೆ. ಕಾರು ನಿಂತರೂ ದೇವರ ದೀಪ ಆರಬಾರದು ಅನ್ನುವ ಭಕ್ತಿ. ರಸ್ತೆ ಬದಿಯಲ್ಲಿ ಹಿಮ ಹೊದ್ದು ನಿಂತ ಕಾರಿನ ಬ್ಯಾಟರಿಯನ್ನು ವಿಘ್ನೇಶ್ವರನೇ ಸದ್ದಿಲ್ಲದೆ ಹೀರಿಬಿಡುತ್ತಿದ್ದ.

ಅಂಥ ಹೊತ್ತಿಗೆ ಬೇಕಾಗುತ್ತಿದ್ದುದು ತ್ಯಾಗಣ್ಣನ ಡಬ್ಬಿ. ಅದೊಂದು ಜಂಪ್ ಸ್ಟಾರ್ಟರ್. ಟಿಫನ್ ಡಬ್ಬಿಯಷ್ಟು ಗಾತ್ರ, ಅದರಿಂದ ಹೊರಟ ಎರಡು ಗಿಡ್ಡ ವೈರುಗಳು, ವೈರಿನ ತುದಿಗೆ ಕೆಂಪು ಒಂದು ಕಪ್ಪು ಒಂದು ಮೊಸಳೆ ಬಾಯಿಯ ಕ್ಲಿಪ್ಪು. ಕೆಂಪನ್ನು ಬ್ಯಾಟರಿಯ ಪ್ಲಸ್ಸಿಗೆ ಕಚ್ಚಿಸಬೇಕು, ಕಪ್ಪನ್ನು ಎಂಜಿನ್ನಿನ ಬರಿ ಲೋಹಕ್ಕೆ. ಡಬ್ಬಿಯ ಮೇಲೆ ಹಸಿರು ದೀಪ ಹತ್ತಿದರೆ ಕೀಲಿ ತಿರುಗಿಸಬಹುದು. ಇನ್ನೊಂದು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸುವ ರಗಳೆಯಿಲ್ಲ, ಉದ್ದನೆಯ ಕೇಬಲ್ಲಿಲ್ಲ. ಆದರೆ ಡಬ್ಬಿಗೂ ಚಳಿ ಆಗದು. ಹೊರಗಿಟ್ಟರೆ ಅದೂ ಕಾರಿನ ಬ್ಯಾಟರಿಯಂತೆಯೇ ಮಂಕಾಗುತ್ತದೆ. ಅದಕ್ಕೇ ತ್ಯಾಗರಾಜ ಅದನ್ನು ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಸೈಕಲ್ ತುಳಿಯುತ್ತಿದ್ದ. ನನ್ನನ್ನು ಒಂದು ದಿನವಾದರೂ ಹೀಗೆ ಅವಚಿಕೊಂಡು ಹೋಗಿದ್ದುಂಟಾ ಎಂದು ರಜನಿ ಒಮ್ಮೆ ಕೇಳಿಯೂ ಇದ್ದಳು.

ಅವನ ಹೊಟ್ಟೆಪಾಡು ಬೇರೆ. ಒಂದು ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಬೇರೆಯವರು ಮಾಡಿದ ತಪ್ಪು ಹುಡುಕುವುದು ಅವನ ಕೆಲಸ. ತಪ್ಪು ಸಿಕ್ಕರೆ ಮಾಡಿದವರಿಗೆ ಸಿಟ್ಟು, ಸಿಗದಿದ್ದರೆ ಇವನು ಯಾತಕ್ಕಿದ್ದಾನೆ ಅನ್ನುವ ಅನುಮಾನ. ಅಷ್ಟು ವರ್ಷ ದುಡಿದ ಆಫೀಸಿನಲ್ಲಿ ಯಾರೂ ಅವನ ಕೈ ಕುಲುಕಿ ನೀನಿಲ್ಲದಿದ್ದರೆ ಕಷ್ಟವಾಗುತ್ತಿತ್ತು ಎಂದಿರಲಿಲ್ಲ. ಅಲ್ಲಿ ಅವನಿಗೆ ಸಿಕ್ಕಿದ್ದ ಒಂದೇ ಮರ್ಯಾದೆ ಒಂದು ಕಿತ್ತಳೆ ಬಣ್ಣದ ಜಾಕೆಟ್ಟು. ಡಚ್ಚರ ಆಫೀಸುಗಳಲ್ಲಿ ಪ್ರಥಮ ಚಿಕಿತ್ಸೆ ಕಲಿತ ಕೆಲವರು ಇರಬೇಕೆಂದು ಕಾನೂನು, ಬೇಹಾಫೇ ಎಂದು ಅವರಿಗೆ ಹೆಸರು. ತ್ಯಾಗರಾಜ ಅವರಲ್ಲೊಬ್ಬ. ವರ್ಷಕ್ಕೊಂದು ದಿನ ರಬ್ಬರ್ ಗೊಂಬೆಯ ಎದೆ ಒತ್ತಿ, ಬಿಸ್ಕತ್ತು ತಿಂದು, ಸರ್ಟಿಫಿಕೇಟು ಹಿಡಿದುಕೊಂಡು ಬರುತ್ತಿದ್ದ. ಪಾರ್ಶ್ವವಾಯು ಹೊಡೆದರೆ ಬಾಯಿ ನೋಡಿ, ಮಾತು ನೋಡಿ, ತೋಳು ನೋಡಿ, ಒಂದು ಕೆಟ್ಟಿದ್ದರೂ ತಡಮಾಡದೆ 112ಕ್ಕೆ ಫೋನು ಮಾಡಿ ಎಂದು ಪ್ರತಿವರ್ಷ ಅವನಿಗೆ ಹೇಳಿಕೊಡುತ್ತಿದ್ದರು. ಅವನೂ ಅದನ್ನು ಡಚ್ಚಿನಲ್ಲೇ ಗಟ್ಟಿಯಾಗಿ ಒಪ್ಪಿಸುತ್ತಿದ್ದ.

ಆಫೀಸಿನಲ್ಲಿ ಸಿಗದ ಹೊಗಳಿಕೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಮೊಗೆದಷ್ಟೂ ಸಿಗುತ್ತಿತ್ತು. ನಮ್ಮ ಜನ ಹೊಗಳಿ ಅಟ್ಟಕ್ಕೇರಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಇಳಿಯುವುದಕ್ಕೆ ಏಣಿ ಇಡುವುದು ಮಾತ್ರ ಅವರಿಗೆ ನೆನಪಿರುವುದಿಲ್ಲ. ತ್ಯಾಗಣ್ಣ ದೇವರು, ತ್ಯಾಗಣ್ಣ ಇರೋವರೆಗೂ ಭಯ ಇಲ್ಲ. ಕಾರು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ ಕಾಯಬೇಕು, ಡಚ್ಚಿನಲ್ಲಿ ತೊದಲಬೇಕು. ತ್ಯಾಗಣ್ಣನಾದರೆ ಕನ್ನಡದಲ್ಲೇ ಬಂದು, ಕಾಫಿ ಕುಡಿದು ಹೋಗುತ್ತಾನೆ. ಬಂದವನು ಬಾನೆಟ್ಟು ಎತ್ತುತ್ತಾ ಹೇಳುತ್ತಿದ್ದ ಮಾತೂ ಒಂದೇ, ಎರಡೇ ನಿಮಿಷ. ಹೆಚ್ಚುಕಡಿಮೆ ಅಷ್ಟರಲ್ಲೇ ಕಾರು ಗುರ್ ಎನ್ನುತ್ತಿತ್ತು. ಬರಬರುತ್ತಾ ಬಚ್ಚಲ ಬಾಯ್ಲರ್ ಕೆಟ್ಟರೂ, ಮಗುವಿಗೆ ಜ್ವರ ಬಂದರೂ, ಪಾಸ್‌ಪೋರ್ಟ್ ಕಾಣದಿದ್ದರೂ ಮೊದಲು ತ್ಯಾಗಣ್ಣನಿಗೆ ಫೋನು ಅನ್ನುವುದು ಆ ಗುಂಪಿನ ಪದ್ಧತಿಯೇ ಆಗಿಹೋಯಿತು. ಅವನೂ ಯಾರಿಗೂ ಇದು ನನ್ನ ಕೆಲಸವಲ್ಲ ಎನ್ನಲಿಲ್ಲ.

ಅನಸೂಯಮ್ಮ ಬಂದದ್ದು ಅಂಥದೊಂದು ಚಳಿಗಾಲದಲ್ಲಿ. ಅವರು ಗುಂಪಿನ ಚಿರಂತನನ ತಾಯಿ. ಮೈಸೂರಿನ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಲ್ಲರೂ ಬೇಸಿಗೆಯಲ್ಲಿ ಬಂದರೆ ಇವರು ಹಿಮ ನೋಡಲೇಬೇಕು ಎಂದು ಹಟ ಹಿಡಿದು ಜನವರಿಗೇ ಬಂದಿಳಿದಿದ್ದರು. ಬಾಯಿ ಅಂದರೆ ಬಾಯಿ. ಟ್ರಾಮಿನ ಡ್ರೈವರಿಗೆ ಕನ್ನಡದಲ್ಲೇ ನಮಸ್ಕಾರ, ಕಾಯಿಪಲ್ಲೆಯವನ ಹತ್ತಿರ ಕನ್ನಡದಲ್ಲೇ ಚೌಕಾಶಿ. ಎದುರು ಮನೆಯ ಡಚ್ ಅಜ್ಜಿಯ ಜೊತೆ ಬೇಲಿಯ ಆಚೆ ಈಚೆ ನಿಂತು ಅವರು ಕನ್ನಡದಲ್ಲೂ ಆಕೆ ಡಚ್ಚಿನಲ್ಲೂ ಗಂಟೆಗಟ್ಟಲೆ ಹರಟುತ್ತಿದ್ದರು. ಇಬ್ಬರಿಗೂ ಪೂರ್ತಿ ಅರ್ಥವಾಯಿತು ಅನ್ನುವ ಸಮಾಧಾನ. ಸೊಸೆ ಅಕ್ಷಯಾ ಇದನ್ನು ಹೇಳಿಕೊಂಡು ನಗುತ್ತಿದ್ದಳು. ತ್ಯಾಗರಾಜನೂ ಒಮ್ಮೆ ಅವರ ಮನೆಯಲ್ಲಿ ಬಿಸಿಬೇಳೆ ಬಾತು ತಿಂದು, ಸರಸ್ವತಿಪುರಂನ ಯಾವ ಕ್ರಾಸಪ್ಪಾ ನಿಮ್ಮದು ಎಂಬಲ್ಲಿಂದ ಹಿಡಿದು ಮೂರು ತಲೆಮಾರಿನ ವಿಚಾರಣೆಗೆ ಒಳಗಾಗಿ ಬಂದಿದ್ದ.

ಜನವರಿಯ ಕೊನೆಗೆ ಮೂಡಣ ಗಾಳಿ ತಿರುಗಿತು. ಕಾಲುವೆಗಳ ನೀರು ಅಂಚಿನಿಂದ ಬೆಳ್ಳಗೆ ಕಟ್ಟುತ್ತಾ ನಡುವಿಗೆ ಬಂತು. ಬಾತುಕೋಳಿಗಳು ಉಳಿದಷ್ಟು ನೀರಿನಲ್ಲಿ ಒತ್ತೊತ್ತಾಗಿ ನಿಂತವು. ಶುಕ್ರವಾರ ಮಳೆ ಹನಿದು ರಸ್ತೆಯ ಮೇಲೆಯೇ ಹೆಪ್ಪುಗಟ್ಟಿತು. ಹೊರಗೆ ಹೋಗಬೇಡಿ ಎಂದು ಸರಕಾರವೇ ಎಲ್ಲರ ಫೋನಿಗೆ ಎಚ್ಚರಿಕೆ ಕಳಿಸಿತು. ಶನಿವಾರ ಬೆಳಿಗ್ಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ತ್ಯಾಗರಾಜನ ಫೋನು ಶುರುವಾಯಿತು.

ಮೊದಲನೆಯ ಕಾರು ಒಂದೇ ಪ್ರಯತ್ನಕ್ಕೆ ಎದ್ದಿತು. ಎರಡನೆಯದು, ಗುಂಪಿನ ಅಡ್ಮಿನ್ ಶ್ರೀಕರನದು, ಸ್ವಲ್ಪ ಸತಾಯಿಸಿತು. ಡಬ್ಬಿಯ ಶಕ್ತಿ ತೋರಿಸುವ ದೀಪಗಳಲ್ಲಿ ಕೆಲವು ಆರಿದ್ದನ್ನು ಅವನು ಗಮನಿಸಿದ. ಮನೆಗೆ ಹೋಗಿ ಚಾರ್ಜಿಗೆ ಹಾಕಬೇಕು ಅಂದುಕೊಳ್ಳುವಷ್ಟರಲ್ಲಿ ಚಿರಂತನನ ಫೋನು ಬಂತು.

"ತ್ಯಾಗಣ್ಣ, ಅಮ್ಮಂಗೆ ಯಾಕೋ ಹುಷಾರಿಲ್ಲ. ಹಾಸ್ಪಿಟಲ್‌ಗೆ ಕರ್ಕೊಂಡ್ ಹೋಗ್ಬೇಕು, ಗಾಡಿ ಸ್ಟಾರ್ಟೇ ಆಗ್ತಿಲ್ಲ."

ಆ ಮಾತಿನಲ್ಲಿ ಎರಡು ಸಂಗತಿಗಳಿದ್ದವು. ಒಂದು ತಾಯಿಯದು, ಒಂದು ಕಾರಿನದು. ತ್ಯಾಗರಾಜನ ಕಿವಿ ಹಿಡಿದದ್ದು ಎರಡನೆಯದನ್ನು. ಕೀಲಿ ತಿರುಗಿಸಿದರೆ ಏನು ಸದ್ದು ಬರುತ್ತೆ, ಟಕ್ ಟಕ್ ಅನ್ನುತ್ತಾ, ಪೂರ್ತಿ ಮೌನವಾ ಎಂದು ಕೇಳಿದ. ಪೂರ್ತಿ ಮೌನ ಎಂದ ಚಿರಂತನ. ಹಾಗಾದರೆ ಪೂರ್ತಿ ಸತ್ತಿದೆ, ಎರಡೇ ನಿಮಿಷ, ಬಂದೆ ಎಂದು ತ್ಯಾಗರಾಜ ಸೈಕಲ್ ಬಿಟ್ಟು ಹುಲ್ಲಿನ ಅಂಚಿನ ಮೇಲೆ ನಡೆದೇ ಹೊರಟ. ರಸ್ತೆ ಕನ್ನಡಿಯಂತಿತ್ತು.

ಅವನು ಹೋಗುವ ಹೊತ್ತಿಗೆ ಅಲ್ಲಿ ನಡೆದಿದ್ದುದು ಇಷ್ಟು. ಅನಸೂಯಮ್ಮ ಎದ್ದು ಕಾಫಿ ಕುಡಿಯುವಾಗ ಲೋಟ ಕೈಯಿಂದ ಜಾರಿತು. ಚಳಿಗೆ ಕೈ ಮರಗಟ್ಟಿದೆ ಎಂದು ಮಗ ಹೀಟರು ಏರಿಸಿದ. ಮಾತು ತಡವರಿಸಿತು, ಸಕ್ಕರೆ ಕಡಿಮೆಯಾಗಿದೆ ಎಂದು ಬೆಲ್ಲ ಕೊಟ್ಟ. ಅಕ್ಷಯಾ 112ಕ್ಕೆ ಮಾಡೋಣ ಅಂದಳು. ಅಷ್ಟು ಚಿಕ್ಕದಕ್ಕೆ ಆಂಬುಲೆನ್ಸು ಬಂದರೆ ಬೈದು ಹೋಗುತ್ತಾರೆ, ಫೋನಿನಲ್ಲೇ ಸಾವಿರ ಪ್ರಶ್ನೆ ಕೇಳುತ್ತಾರೆ, ನಮ್ಮ ಗಾಡಿಯಲ್ಲೇ ಹೋದರೆ ಬೇಗ ಎಂದು ಚಿರಂತನ ತೀರ್ಮಾನಿಸಿದ. ಅವನ ತಂದೆಯನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದವರು ಮತ್ತೆ ಮನೆಗೆ ಕರೆತಂದಿರಲಿಲ್ಲ. ಅದರ ಹೆಸರೆತ್ತಿದರೆ ಅಮ್ಮ ಹೆದರುತ್ತಾರೆ ಅನ್ನುವುದೂ ಅವನ ತಲೆಯಲ್ಲಿತ್ತು. ಟ್ಯಾಕ್ಸಿಗೆ ನೋಡಿದ, ಆ ಹಿಮದಲ್ಲಿ ಒಂದೂ ಇರಲಿಲ್ಲ. ಕಾರಿನ ಬಳಿ ಹೋದರೆ ಕಾರಿಗೇ ಜೀವವಿಲ್ಲ.

ಮಗ ಸೊಸೆ ಎರಡೂ ಕಡೆ ಹಿಡಿದುಕೊಂಡು ಅನಸೂಯಮ್ಮನನ್ನು ಹೊರಗೆ ತಂದದ್ದನ್ನು ತ್ಯಾಗರಾಜ ನೋಡಿದ. ಬಲಗಾಲು ನೆಲ ಗೀಚುತ್ತಾ ಬಂತು. ಬಲ ಹೆಗಲಿನಿಂದ ಶಾಲು ಜಾರಿತು, ಅವರ ಕೈ ಅದನ್ನು ಹಿಡಿಯಲು ಹೋಗಲಿಲ್ಲ. ಅವನನ್ನು ನೋಡಿ ಏನೋ ಹೇಳಿದರು. ಬಾಯಿಯ ಒಂದು ಕೊನೆ ಮಾತ್ರ ಅಲುಗಿತು. ಬಾಯಿ, ಮಾತು, ತೋಳು. ಮೂರೂ ಅವನ ಕಣ್ಣ ಮುಂದೆಯೇ ಹಾದುಹೋದವು. ಅವನಿಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿದದ್ದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಅಷ್ಟೆ. ಅವನನ್ನು ಕರೆದದ್ದು ಕಾರಿಗೆ. ಒಳಗೆ ಕೂರಿಸಿ, ಸ್ಟಾರ್ಟ್ ಆದ ತಕ್ಷಣ ಹೊರಟುಬಿಡಬಹುದು ಎಂದು ಅವನೇ ಹೇಳಿದ. ಅವರನ್ನೂ ಪಕ್ಕದಲ್ಲಿ ಅಕ್ಷಯಾಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದರು.

ಬಾನೆಟ್ಟು ಎತ್ತಿದ ಮೇಲೆ ಅವನಿಗೆ ಅವರು ಕಾಣಲಿಲ್ಲ. ಕಂಡದ್ದು ಬ್ಯಾಟರಿ. ಅದರ ಪ್ಲಸ್ ತುದಿಯ ಮೇಲೆ ಬಿಳಿ ಹಸಿರು ಬೆರೆತ ಉಪ್ಪಿನಂಥ ಪೊರೆ ಬೆಳೆದಿತ್ತು. ಚಿರಂತನ ಫೋನಿನ ಟಾರ್ಚು ಹಿಡಿದ. ಕ್ಲಿಪ್ಪು ಕಚ್ಚಿಸಿದರೆ ಡಬ್ಬಿಯಲ್ಲಿ ಯಾವ ದೀಪವೂ ಹತ್ತಲಿಲ್ಲ. ಪೊರೆ ಕೆರೆಯಬೇಕು, ಎರಡು ನಿಮಿಷ ಎಂದ ತ್ಯಾಗರಾಜ. ಜೇಬಿನಿಂದ ಸಣ್ಣ ತಂತಿ ಬ್ರಷ್ಷು ತೆಗೆದು ಕೆರೆಯತೊಡಗಿದ. ಕೆರೆದು ಮತ್ತೆ ಕಚ್ಚಿಸಿದ. ದೀಪವಿಲ್ಲ. ಬ್ಯಾಟರಿ ಎಷ್ಟು ಬರಿದಾಗಿತ್ತೆಂದರೆ ಡಬ್ಬಿಗೆ ಅದು ಬ್ಯಾಟರಿಯೆಂದೇ ಗುರುತು ಸಿಗುತ್ತಿರಲಿಲ್ಲ. ಅಂಥದ್ದಕ್ಕೆ ಡಬ್ಬಿಯಲ್ಲೊಂದು ಗುಂಡಿಯಿದೆ. ಅದನ್ನು ಒತ್ತಿ ಹಿಡಿದರೆ ಡಬ್ಬಿ ಹಿಂದುಮುಂದು ನೋಡದೆ ತನ್ನಲ್ಲಿದ್ದುದನ್ನೆಲ್ಲ ಸುರಿಯುತ್ತದೆ. ಬ್ಯಾಟರಿ ಹೆಪ್ಪುಗಟ್ಟಿ ಉಬ್ಬಿದ್ದರೆ ಸಿಡಿಯಲೂಬಹುದು. ತ್ಯಾಗರಾಜ ಅದರ ಬದಿಗಳನ್ನು ಬೆರಳಿನಿಂದ ತಡವಿ ನೋಡಿದ. ಉಬ್ಬಿಲ್ಲ ಅನಿಸಿತು. ಅಷ್ಟು ಜತನ ಅವನಿಗೆ ಬ್ಯಾಟರಿಯ ಮೇಲಿತ್ತು.

ಆಗ ಒಳಗಿನಿಂದ ಗಾಜು ತಟ್ಟಿದ ಸದ್ದು ಬಂತು.

ಅವನು ಬಾನೆಟ್ಟಿನ ಬದಿಯಿಂದ ಕತ್ತು ಹೊರಹಾಕಿ ನೋಡಿದ. ಅನಸೂಯಮ್ಮ ಎಡಗೈಯ ಉಂಗುರದಿಂದ ಕಿಟಕಿ ತಟ್ಟುತ್ತಿದ್ದರು. ಗಾಜಿನ ಮೇಲೆ ಅವರ ಉಸಿರು ಮಂಜಾಗಿತ್ತು, ಅದರ ಹಿಂದೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ತ್ಯಾಗರಾಜ ಗಾಜಿನ ಹತ್ತಿರ ಬಗ್ಗಿ ಎರಡು ಬೆರಳು ತೋರಿಸಿ ಹೇಳಿದ.

"ಎರಡೇ ನಿಮಿಷ ಅಮ್ಮಾ. ಎರಡೇ ನಿಮಿಷ."

ಡಬ್ಬಿಯ ಗುಂಡಿ ಒತ್ತಿ ಹಿಡಿದು ಕೀಲಿ ತಿರುಗಿಸಿದರೆ ಎಂಜಿನ್ನು ಒಮ್ಮೆ ಮುಲುಗಿ ಸುಮ್ಮನಾಯಿತು. ಎರಡನೆಯ ಸಲವೂ ಅಷ್ಟೆ. ಡಬ್ಬಿ ಬಿಸಿಯಾಗಿ ಕೆಂಪು ದೀಪ ತೋರಿಸಿತು. ಅದು ತಣಿಯುವವರೆಗೆ ಕಾಯಬೇಕು. ಕಾಯುವಾಗ ಅಕ್ಷಯಾ ಕಾರಿನಿಂದ ಇಳಿದು ಬಂದಳು. ಅತ್ತೆ ಮಾತಾಡುತ್ತಿಲ್ಲ, 112 ಮಾಡಲಾ ಅಣ್ಣ ಎಂದು ನೇರವಾಗಿ ತ್ಯಾಗರಾಜನನ್ನೇ ಕೇಳಿದಳು. ಗಂಡನನ್ನಲ್ಲ. ತ್ಯಾಗರಾಜ ಕಾರಿನ ಕಡೆಗೂ ನೋಡದೆ, ಆಂಬುಲೆನ್ಸು ಈ ಹಿಮದಲ್ಲಿ ಜಾರುತ್ತಾ ಬರುವುದರೊಳಗೆ ನೀವೇ ಅಲ್ಲಿರುತ್ತೀರಿ, ಈ ಸಲ ಆಗುತ್ತೆ ಎಂದ. ಅವನು ಅಷ್ಟು ನಂಬಿಕೆಯಿಂದ ಹೇಳಿದರೆ ಇಲ್ಲವೆನ್ನುವುದು ಹೇಗೆ? ಅವಳು ಒಳಗೆ ಹೋಗಿ ಅತ್ತೆಯ ಕೈ ತಿಕ್ಕುತ್ತಾ ಕೂತಳು.

ಎದುರು ಮನೆಯ ಬಾಗಿಲು ತೆರೆಯಿತು. ಡಚ್ ಅಜ್ಜಿ ಚಪ್ಪಲಿಯಲ್ಲೇ, ಕೋಟು ಹೆಗಲಿಗೆಸೆದುಕೊಂಡು ಗೇಟಿನವರೆಗೆ ಬಂದರು. ತಮ್ಮ ಕಾರು ಗ್ಯಾರೇಜಿನೊಳಗಿದೆ, ಸ್ಟಾರ್ಟ್ ಆಗುತ್ತದೆ, ಆಕೆಯನ್ನು ನಾನು ಕರೆದುಕೊಂಡು ಹೋಗಲಾ, ಇಲ್ಲಾ ಯಾರಿಗಾದರೂ ಫೋನು ಮಾಡಲಾ ಎಂದು ಕೇಳಿದರು. ಚಿರಂತನ ತ್ಯಾಗರಾಜನ ಮುಖ ನೋಡಿದ. ತ್ಯಾಗರಾಜ ತನಗೆ ಹೆಮ್ಮೆಯೆನಿಸಿದ ಡಚ್ಚಿನಲ್ಲಿ, ನಗುತ್ತಲೇ ಉತ್ತರ ಕೊಟ್ಟ.

"ನೇ ಹೋರ್, ಬೈನಾ ಕ್ಲಾರ್."

ಬೇಡ, ಇನ್ನೇನು ಆಯಿತು ಎಂದು ಅದರ ಅರ್ಥ. ಅಜ್ಜಿ ಹಿಂದಕ್ಕೆ ಹೋಗಲಿಲ್ಲ. ಗೇಟು ಹಿಡಿದುಕೊಂಡು ಅಲ್ಲೇ ನಿಂತರು. ಗಾಜು ತಟ್ಟುವ ಸದ್ದು ಇನ್ನೆರಡು ಸಲ ಬಂತು. ಆಮೇಲೆ ನಿಂತಿತು. ಸದ್ದು ನಿಂತದ್ದಕ್ಕೆ ತ್ಯಾಗರಾಜನಿಗೆ ಸಮಾಧಾನವಾಯಿತು, ಅಮ್ಮ ಸುಧಾರಿಸಿಕೊಂಡರು ಅಂದುಕೊಂಡ. ಡಬ್ಬಿಯನ್ನು ಬಿಚ್ಚಿ ಮತ್ತೆ ಜಾಕೆಟ್ಟಿನೊಳಗೆ ಇಟ್ಟುಕೊಂಡು ಮೈಯ ಕಾವು ಕೊಟ್ಟ. ಕಪ್ಪು ಕ್ಲಿಪ್ಪಿಗೆ ಬೇರೆ ಜಾಗ ಹುಡುಕಿದ. ಗಣಪತಿಯ ದೀಪದ ವೈರು ಕೀಳಿಸಿದ. ಕೊನೆಗೊಮ್ಮೆ ಕೀಲಿ ತಿರುಗಿಸಿದಾಗ ಎಂಜಿನ್ನು ಕೆಮ್ಮಿ, ನಡುಗಿ, ಬಿಳಿ ಹೊಗೆ ಉಗುಳಿ ಎದ್ದು ನಿಂತಿತು. ಚಿರಂತನ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ. ಕಾರು ಜಾರುತ್ತಾ ತಿರುವು ದಾಟುವವರೆಗೂ ತ್ಯಾಗರಾಜ ಕೈ ಬೀಸಿದ.

ಆಮೇಲೆ ಅಲ್ಲಿಯೇ ನಿಂತು ಗುಂಪಿಗೆ ಒಂದು ಸಾಲು ಬರೆದ, ಇವತ್ತಿನ ಹ್ಯಾಟ್ರಿಕ್ ಎಂದು. ತಲೆಯೆತ್ತಿದರೆ ಡಚ್ ಅಜ್ಜಿ ಇನ್ನೂ ಅವನನ್ನೇ ನೋಡುತ್ತಿದ್ದರು. ಅವನು ಕೈಯೆತ್ತಿದ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅನಸೂಯಮ್ಮನ ಮಿದುಳಿಗೆ ಹೋಗುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮದ್ದು ಕೊಟ್ಟರು. ಕೊಟ್ಟ ಮದ್ದು ಜೀವವನ್ನು ಉಳಿಸಿತು, ಮಾತನ್ನು ಉಳಿಸಲಿಲ್ಲ. ಬಲಗೈ ಬಲಗಾಲು ಮಡಿಚಿಟ್ಟ ಬಟ್ಟೆಯಂತೆ ಬಿದ್ದುಕೊಂಡವು. ಈ ಕಾಯಿಲೆಯಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ, ಇನ್ನಷ್ಟು ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದು ವೈದ್ಯರು ಯಾರನ್ನೂ ಬೈಯದೆ, ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದರಂತೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಗಾದೆ. ಆದರೆ ಇಲ್ಲಿ ಬುದ್ಧಿ ಬಂದದ್ದು ಯಾರಿಗೂ ಕಾಣಲಿಲ್ಲ. ಅಂದು ಸಂಜೆ ಗುಂಪಿನಲ್ಲಿ ಚಿರಂತನ ಬರೆದದ್ದು ಹೀಗಿತ್ತು, ಆ ಹಿಮದಲ್ಲಿ ತ್ಯಾಗಣ್ಣ ನಡೆದು ಬಂದು ಗಾಡಿ ಎಬ್ಬಿಸದಿದ್ದರೆ ಅಮ್ಮ ಇವತ್ತು ಇರುತ್ತಿರಲಿಲ್ಲ. ಕೈ ಮುಗಿದ ಚಿತ್ರಗಳ ಸುರಿಮಳೆಯಾಯಿತು. ಶ್ರೀಕರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ತ್ಯಾಗರಾಜನ ನಂಬರನ್ನು ಗುಂಪಿನ ತಲೆಯ ಮೇಲೆಯೇ ಅಂಟಿಸಿದ, ಯಾವ ಎಮರ್ಜೆನ್ಸಿಗೂ ಮೊದಲು ಇಲ್ಲಿಗೆ ಎಂದು ಬರೆದು.

ತ್ಯಾಗರಾಜ ಅದನ್ನು ನೋಡಿದ, ತೆಗೆಸಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ತೆಗೆಸು ಎಂದರೆ ಯಾಕೆ ಎಂದು ಕೇಳುತ್ತಾರೆ. ರಜನಿ ಒಂದೇ ಪ್ರಶ್ನೆ ಕೇಳಿದಳು.

"ಅವರ ಮುಖ ನೋಡಿದ್ರಾ ನೀವು?"

ಬಾನೆಟ್ಟು ಎತ್ತಿತ್ತು, ಕಾಣಲಿಲ್ಲ ಎಂದ ಅವನು. ಅಷ್ಟು ವರ್ಷ ಗಾದೆ ಹೇಳಿ ಚುಚ್ಚುತ್ತಿದ್ದವಳು ಆ ದಿನದಿಂದ ಗಾದೆ ಹೇಳುವುದನ್ನೇ ಬಿಟ್ಟಳು. ಅದು ಅವನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

ಒಳಗೊಳಗೇ ಅವನು ಕುಗ್ಗಿಹೋದ. ಆಫೀಸಿನ ಸಭೆಯಲ್ಲಿ ಯಾರೋ ಪೆನ್ನಿನಿಂದ ಮೇಜು ತಟ್ಟಿದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ. ಟ್ರಾಮಿನಲ್ಲಿ ಉಂಗುರ ತೊಟ್ಟ ಕೈಯೊಂದು ಕಂಬಿಗೆ ತಾಗಿ ಟಿಣ್ ಅಂದರೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಿದ್ದ. ಕಾರಿಗೆ ಕರೆದವರಿಗೆ ಮೊದಲು ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರಾ ಎಂದು ಕೇಳತೊಡಗಿದ. ಎಂಥ ಸಜ್ಜನಿಕೆ, ಕುಶಲ ಕೇಳದೆ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಜನ ಅದನ್ನೂ ಹೊಗಳಿದರು. ಒಮ್ಮೆ ಯಾರದೋ ಮನೆಯಲ್ಲಿ, ಆವತ್ತು ನಾನು ಸ್ವಲ್ಪ ಯೋಚನೆ ಮಾಡಬೇಕಿತ್ತು ಎಂದು ಬಾಯಿಬಿಟ್ಟ. ಅದು ನಿಮ್ಮ ದೊಡ್ಡತನ ಎಂದು ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಿದರು.

ಆಸ್ಪತ್ರೆಗೆ ಒಂದೇ ಸಲ ಹೋಗಿದ್ದ, ಅನಸೂಯಮ್ಮ ಮಲಗಿದ್ದರು. ಎಚ್ಚರವಾಗುವ ಮೊದಲೇ ಎದ್ದು ಬಂದಿದ್ದ. ಆಮೇಲೆ ಅವರನ್ನು ಮಾತು ನಡಿಗೆ ಕಲಿಸುವ ಆರೈಕೆ ಮನೆಯೊಂದಕ್ಕೆ ಸಾಗಿಸಿದರು. ಅಲ್ಲಿಗೆ ಹೋಗದಿರಲು ಪ್ರತಿ ವಾರ ಒಂದೊಂದು ನೆಪ ಸಿಗುತ್ತಿತ್ತು. ಚಳಿ ಇಳಿದು ಕಾಲುವೆ ಕರಗಿ, ಮತ್ತೆ ಒಮ್ಮೆ ಹಿಮ ಬಿದ್ದ ದಿನ ಚಿರಂತನ ಫೋನು ಮಾಡಿದ. ದನಿಯಲ್ಲಿ ಸಂತೋಷ ತುಳುಕುತ್ತಿತ್ತು. ಅಮ್ಮ ಮಾತಾಡಿದರು, ನೀವು ಬರಲೇಬೇಕು, ನೀವೇ ಕೇಳಬೇಕು ಎಂದ. ತ್ಯಾಗರಾಜನ ತಲೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು. ಮಾತು ಬಂದರೆ ಎಲ್ಲವೂ ಬಂದಂತೆ. ಬೈದರೂ ಸರಿ, ಬೈಸಿಕೊಳ್ಳೋಣ ಎಂದು ಸೈಕಲ್ ತುಳಿಯುತ್ತಾ ಹೋದ.

ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಅನಸೂಯಮ್ಮ ಕೂತಿದ್ದರು. ಕೂದಲು ಯಾರೋ ಚೆನ್ನಾಗಿ ಬಾಚಿ ಹೆಣೆದಿದ್ದರು. ಅವನನ್ನು ನೋಡಿದ ತಕ್ಷಣ ಗುರುತು ಹಿಡಿದರು. ಅದರಲ್ಲಿ ಅನುಮಾನವಿರಲಿಲ್ಲ. ಎಡಗೈ ಚಾಚಿ ಅವನ ಮಣಿಕಟ್ಟು ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು. ಬಾಯಿಯ ಒಂದು ಕೊನೆಯಿಂದ, ನಿಧಾನವಾಗಿ, ಆದರೆ ಸ್ವಚ್ಛವಾಗಿ ಮಾತು ಹೊರಬಂತು.

"ಎರಡೇ ನಿಮಿಷ."

ತ್ಯಾಗರಾಜ ಕೈ ಬಿಡಿಸಿಕೊಳ್ಳಲು ನೋಡಿದ. ಚಿರಂತನ ನಗುತ್ತಾ ಎಲ್ಲ ವಿವರಿಸಿದ. ಮಾತು ಕಲಿಸುವ ಡಚ್ ಮೇಡಂ ಹೇಳಿದ್ದಾರೆ, ಇಂಥವರಲ್ಲಿ ಎಷ್ಟೋ ಸಲ ಒಂದೇ ಒಂದು ಮಾತು ಉಳಿದುಬಿಡುತ್ತಂತೆ, ಹಸಿವಾದರೂ ಅದೇ, ನೋವಾದರೂ ಅದೇ, ಬೇಡ ಅನ್ನುವುದಕ್ಕೂ ಅದೇ. ಯಾಕೆ ಈ ಮಾತು ಎಂದು ಆಕೆ ಕೇಳಿದಳಂತೆ. ಅಡುಗೆಮನೆಯಲ್ಲಿ ದಿನಾ ಹೇಳುತ್ತಿದ್ದರು, ಎರಡೇ ನಿಮಿಷ ಇರೋ, ದೋಸೆ ಹಾಕ್ತೀನಿ ಎಂದು, ಅದೇ ನಾಲಗೆಗೆ ಅಂಟಿಕೊಂಡಿದೆ ಎಂದು ಇವನು ಹೇಳಿದನಂತೆ. ಅನಸೂಯಮ್ಮ ಕೈ ಬಿಡಲಿಲ್ಲ. ತ್ಯಾಗರಾಜನ ಕಣ್ಣಲ್ಲಿ ಕಣ್ಣಿಟ್ಟು ಮತ್ತೊಮ್ಮೆ ಅದನ್ನೇ ಹೇಳಿದರು.

ಇನ್ನು ತಡೆಯಲು ಅವನಿಂದ ಆಗಲಿಲ್ಲ.

"ಚಿರಂತನ, ಅದು ಅವರ ಮಾತಲ್ಲ. ನಂದು. ಅವರು ಗ್ಲಾಸ್ ತಟ್ಟಿದಾಗ ನಾನು ಹೇಳಿದ್ದು."

ಚಿರಂತನನ ನಗು ಮುಖದ ಮೇಲಿಂದ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಎದ್ದು ಬಾಗಿಲು ಮುಂದೆ ಮಾಡಿ ಬಂದ. ಪಕ್ಕದಲ್ಲೇ ರೋಗಿಗಳ ಮನೆಯವರಿಗೆಂದಿದ್ದ ಅಡುಗೆಕೋಣೆಯಲ್ಲಿ ಅಕ್ಷಯಾ ಕಾಫಿ ಮಾಡುತ್ತಿದ್ದ ಸದ್ದು ಕೇಳುತ್ತಿತ್ತು.

"ಗೊತ್ತಣ್ಣ. ನಾನೂ ಅಲ್ಲೇ ಇದ್ನಲ್ಲ. ನಿಮಗೆ ಟಾರ್ಚ್ ಹಿಡ್ಕೊಂಡು ನಿಂತಿದ್ದೆ, ಫೋನಲ್ಲಿ. ಅದೇ ಫೋನಿಂದ 112 ಒತ್ತಬಹುದಿತ್ತು."

ಚಿರಂತನ ತಾಯಿಯ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಮುಂದುವರಿಸಿದ.

"ನೀವು ತಪ್ಪು ಮಾಡಿದ್ರಿ ಅಂತಾದ್ರೆ ನಾನೇನಾಗ್ತೀನಿ ಹೇಳಿ. ಮೈಸೂರಲ್ಲಿ ಅಕ್ಕಂಗೆ, ಮಾವಂಗೆ, ಎಲ್ರಿಗೂ ಹೇಳಿದೀನಿ, ತ್ಯಾಗಣ್ಣ ಬಂದಿದ್ದಕ್ಕೆ ಅಮ್ಮ ಉಳಿದ್ರು ಅಂತ. ಅದು ಹಂಗೇ ಇರ್ಲಿ ಅಣ್ಣ. ದಯವಿಟ್ಟು. ನೀವು ಯಾರ ಹತ್ರಾನೂ ಏನೂ ಹೇಳ್ಬೇಡಿ."

ತ್ಯಾಗರಾಜನಿಗೆ ಆಗ ಅರ್ಥವಾಯಿತು. ಈ ಹುಡುಗನ ಬೆನ್ನಿಗೆ ತಾನೊಂದು ಗೋಡೆ. ತಾನು ಬಿದ್ದರೆ ಇವನೂ ಬೀಳುತ್ತಾನೆ. ಇನ್ನು ಬದುಕಿರುವಷ್ಟು ಕಾಲ ಊರಿನ ದೇವರಾಗಿಯೇ ನಿಂತಿರಬೇಕು, ಅಂಟಿಸಿದ ನಂಬರು ಅಲ್ಲೇ ಇರುತ್ತದೆ, ಫೋನು ಬರುತ್ತಲೇ ಇರುತ್ತದೆ. ಅವನು ತಲೆಯಾಡಿಸಿದ. ಒಪ್ಪಿದನೋ ಸೋತನೋ ಅವನಿಗೇ ತಿಳಿಯಲಿಲ್ಲ.

ಅಕ್ಷಯಾ ಬಾಗಿಲು ತಳ್ಳಿಕೊಂಡು ಬಂದಳು. ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟಳು, ಯಾರ ಕೈಗೂ ಕೊಡಲಿಲ್ಲ. ಅನಸೂಯಮ್ಮ ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು, ತ್ಯಾಗರಾಜನನ್ನು ನೋಡಿದರು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಎರಡೇ ನಿಮಿಷ ಎಂದರು.